ಅದೇ ಪರಿಮಳ ಬೇಕಾ, ಅಂಥದ್ದೊಂದು ಸಾಕಾ?

ಇಷ್ಟದ ಸೆಂಟ್ ಅಂಗಡಿಗೆ ಬರುವುದು ನಿಂತುಹೋಗಿದೆ, ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಹೊರಟವರು ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ: ನಿಮಗೆ ಥೇಟ್ ಅದೇ ಬೇಕಾ, ಅಥವಾ ಅದರ ಗುಂಗು ಸಾಕಾ?

ಅದೇ ಬೇಕು ಅಂದರೆ ಕಷ್ಟ ಜಾಸ್ತಿ. ಬಾಟಲಿಯಲ್ಲಿ ಏನೇನಿದೆ ಅಂತ, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಎಂಬ ಲ್ಯಾಬ್ ಯಂತ್ರ ಸುಮಾರಾಗಿ ಹೇಳುತ್ತದೆ, ನಿಜ. ಆದರೆ ಗುಲಾಬಿ ಎಣ್ಣೆ ಒಂದರಲ್ಲೇ ನೂರಾರು ಅಂಶಗಳಿರುತ್ತವೆ, ಯಾವುದು ಎಣ್ಣೆಯಿಂದ ಬಂತು, ಯಾವುದು ಬೇರೆಯಾಗಿ ಹಾಕಿದ್ದು ಅಂತ ಬಿಡಿಸಲು ಪಳಗಿದ ಮೂಗೇ ಬೇಕು. ಮೇಲಾಗಿ ಕೆಲವು ಪರಿಮಳದ ರಾಸಾಯನಿಕಗಳನ್ನು ಕಂಪನಿಗಳು ಹೊರಗೆ ಮಾರುವುದೇ ಇಲ್ಲ. ಕಲಿಯಲು ನಕಲು ಮಾಡಿ, ಒಳ್ಳೆಯದೇ. ಆ ಹೆಸರಲ್ಲಿ ಮಾತ್ರ ಮಾರಬೇಡಿ.

ನನಗೆ ಎರಡನೇ ದಾರಿಯೇ ಇಷ್ಟ. ಮೂಲ ಸೆಂಟನ್ನು ಕಾಗದದ ಪಟ್ಟಿಗೆ ಹಾಕಿ, 10 ನಿಮಿಷಕ್ಕೆ, 4 ಗಂಟೆಗೆ, ಮರುದಿನ ಬೆಳಿಗ್ಗೆ ಮೂಸಿ ಬರೆದಿಡಿ. ಅದರಲ್ಲಿ ನಿಮಗೆ ಬಿಡಲಾಗದ್ದು ಯಾವುದು? ಅದನ್ನಷ್ಟೇ ಉಳಿಸಿಕೊಳ್ಳಿ. ಶಿರಸಿಯಲ್ಲಿ ನಾನು ಕೊನೆತನಕ ಉಳಿಯುವ ತಳದ ಪರಿಮಳಕ್ಕೆ ಲಾವಂಚದ ಎಣ್ಣೆ ಹಾಕಿದೆ, ಮೊದಲು ಮೂಗಿಗೆ ಬಡಿಯುವ ಮೇಲಿನದಕ್ಕೆ ಚೂರು ಏಲಕ್ಕಿ ಎಣ್ಣೆ, ನಡುವಿನದಕ್ಕೆ ನಮ್ಮ ಸುರಗಿ ಹೂ. ಸುರಗಿ ಒಣಗಿದರೂ ಪರಿಮಳ ಹೋಗುವುದಿಲ್ಲ ಅಲ್ವಾ, ಅದಕ್ಕೆ ಒಣ ಹೂವನ್ನು ಸೆಂಟಿಗೆ ಬಳಸುವ ಆಲ್ಕೋಹಾಲಿನಲ್ಲಿ 2 ವಾರ ನೆನೆಸಿ ಸೋಸಿದೆ. ಜೇನಿನ ಬಣ್ಣ ಬಂತು.

ಹನಿ ಲೆಕ್ಕ ಬೇಡ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, 1 ಗ್ರಾಂ ಎಣ್ಣೆಗೆ 9 ಗ್ರಾಂ ಆಲ್ಕೋಹಾಲ್ ಸೇರಿಸಿ ಪ್ರಯತ್ನಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆ ಬೆರೆಸಿದ್ದರೆ ಬಟ್ಟೆಗೆ ಹಚ್ಚಿ. ಮೈಗೆ ಹಚ್ಚಿಕೊಂಡು ಕಾರವಾರದ ಬಿಸಿಲಿಗೆ ಇಳಿದರೆ ಚರ್ಮ ಸುಟ್ಟೀತು.