ನೀರು ಕೇಳಿದೆ, ಅನ್ನ ಬಂತು: ದುಮ್ಕಾದಲ್ಲಿ ನನ್ನ ಸೇವೆಯ ದಿನಗಳು

ಗದಗಿನಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದಾಗ ನನಗೆ 22 ವರ್ಷ. ಹೌರಾದಲ್ಲಿ ಇಳಿದು ರಾಂಪುರ್‌ಹಾಟ್‌ಗೆ ಇನ್ನೊಂದು ರೈಲು, ಅಲ್ಲಿಂದ ಜಾರ್ಖಂಡ್‌ನ ದುಮ್ಕಾಕ್ಕೆ ಬಸ್ಸು. ಅವ್ವ ಕಟ್ಟಿಕೊಟ್ಟಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ದಾರಿಯುದ್ದಕ್ಕೂ ಸಾಕಾಯ್ತು. ಅದು ಮುಗಿಯೋ ಹೊತ್ತಿಗೆ ಸುತ್ತಲೂ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ.

ಇಲ್ಲಿನ ಸಂತಾಲ ಆದಿವಾಸಿಗಳ ನಡುವೆ ಕ್ರೈಸ್ತ ಮಿಷನರಿಯಾಗಿ ಸೇವೆಗೆ ಬಂದು ಮೂರು ವರ್ಷ ಆಯ್ತು. ರಜೆಗೆ ಊರಿಗೆ, ಬೆಟಗೇರಿಗೆ ಹೋದಾಗಲೆಲ್ಲ ನಮ್ಮ ಚರ್ಚಿನ ಸಭೆಯ ಹುಡುಗ ಹುಡುಗಿಯರು ಕೇಳ್ತಾರೆ, ಅಲ್ಲಿ ದಿನ ಹೇಗಿರುತ್ತೆ ಅಂತ. ನಿಜ ಹೇಳಬೇಕಂದ್ರೆ ಮೊದಲ ವರ್ಷ ಪೂರ್ತಿ ಒಂದೇ ಕಷ್ಟ. ನಾಲಿಗೆಯದು.

ಇಲ್ಲಿನವರ ಭಾಷೆ ಸಂತಾಲಿಯಲ್ಲಿ ನೀರಿಗೆ ‘ದಾಕ್’ ಅಂತಾರೆ. ಕೊನೆಯ ಕಕಾರವನ್ನು ಪೂರ್ತಿ ಉಚ್ಚರಿಸುವ ಹಾಗಿಲ್ಲ, ಗಂಟಲಲ್ಲೇ ಹಿಡಿದು ನಿಲ್ಲಿಸಬೇಕು. ನಮ್ಮ ಕನ್ನಡದ ಬಾಯಿಗೆ ಇದು ತುಂಬಾ ಕಷ್ಟ. ಬಸ್ ಅನ್ನೋದನ್ನ ಬಸ್ಸು, ಕಾರ್ ಅನ್ನೋದನ್ನ ಕಾರು ಮಾಡಿಕೊಂಡವರು ನಾವು, ಕೊನೆಗೊಂದು ಸ್ವರ ಬರದಿದ್ರೆ ಮಾತು ಮುಗಿದ ಹಾಗೆ ಅನ್ನಿಸೋದಿಲ್ಲ. ಬಂದ ಎರಡನೇ ತಿಂಗಳು, ಏಪ್ರಿಲ್ ಬಿಸಿಲಲ್ಲಿ ಸೈಕಲ್ ತುಳಿದು ಒಂದು ಹಳ್ಳಿಗೆ ಹೋಗಿದ್ದೆ. ಬಾಯಿ ಒಣಗಿತ್ತು. ಮೊದಲ ಮನೆಯ ಅಂಗಳದಲ್ಲಿ ನಿಂತು ‘ಜೋಹಾರ್’ ಅಂದೆ, ಅಂದ್ರೆ ನಮಸ್ಕಾರ. ನೀರು ಕೇಳಿದೆ. ಬಾಯಿಂದ ಬಂದದ್ದು ‘ದಾಕಾ’. ದಾಕಾ ಅಂದ್ರೆ ಅನ್ನ.

ಆ ತಾಯಿ ಏನೂ ಕೇಳಲಿಲ್ಲ. ಮಂಚ ತಂದು ಹಾಕಿದರು. ಒಳಗೆ ಹೋಗಿ ಸಾಲ್ ಎಲೆಯ ಊಟದೆಲೆಯಲ್ಲಿ ಅನ್ನ, ಒಂದಿಷ್ಟು ಸೊಪ್ಪು, ಉಪ್ಪು, ಹಸಿಮೆಣಸಿನಕಾಯಿ ತಂದಿಟ್ಟರು. ಬೇಡ ಅನ್ನೋಕೂ ನನಗೆ ಮಾತು ಬರುತ್ತಿರಲಿಲ್ಲ. ತಿಂದೆ. ಬಾಗಿಲ ಹತ್ತಿರ ಅವರ ಪುಟ್ಟ ಮಗಳು ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಎಲೆಯಿಂದ ಬಾಯಿಗೆ, ಬಾಯಿಂದ ಎಲೆಗೆ. ಅದು ಆ ಮನೆಯ ಸಂಜೆಯ ಅನ್ನ ಅಂತ ನನಗೆ ಗೊತ್ತಾಗಿದ್ದು ವಾರದ ಮೇಲೆ. ಊರಿಗೇನೋ ಕೊಡಲು ಹೋದವನು ನಾನು. ಮೊದಲು ತೆಗೆದುಕೊಂಡದ್ದು ನಾನೇ, ಅದೂ ಆ ಮಗುವಿನ ತುತ್ತನ್ನು. ಆ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೆ ಒಂದು ಮಾತೂ ಹೊರಡಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಒಂದು ಗಂಟೆ ಭಾಷೆಗೆ ಅಂತ ಇಟ್ಟೆ. ಆಗೆಲ್ಲ ಕಿಟೆಲ್ ನೆನಪಾಗುತ್ತಿದ್ದರು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್‌ನಿಂದ ನಮ್ಮ ಕಡೆ ಬಂದಾಗ ಅವರಿಗೆ 21 ವರ್ಷ. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವಿನ ವರ್ಷಗಳನ್ನು ಲೆಕ್ಕ ಹಾಕಿ ನೋಡಿ. ನಮ್ಮ ಅಜ್ಜಂದಿರ ಮಾತನ್ನು ಪದ ಪದವಾಗಿ ಕೇಳಿ ಬರೆದುಕೊಂಡ ಆ ಹುಡುಗನಿಗೂ ಯಾರೋ ಒಬ್ಬರು ಮಂಚ ಹಾಕಿ ಊಟ ಕೊಟ್ಟಿರಬೇಕು ಅಲ್ವಾ? ಇಲ್ಲಿನವರಿಗೂ ಹಾಗೇ ಒಬ್ಬರಿದ್ದರು, ನಾರ್ವೆಯ ಪಾಲ್ ಓಲಾಫ್ ಬೋಡಿಂಗ್. ಅವರ ಸಂತಾಲಿ ನಿಘಂಟು ಐದು ಸಂಪುಟ. ನಾನು ಅದನ್ನು ನೋಡಿಕೊಂಡೇ ಕಲಿತೆ. ಆದ್ರೆ ಜಾಸ್ತಿ ಕಲಿತಿದ್ದು ಸಂಜೆ ಪಾಠಕ್ಕೆ ಬರುವ ಮಕ್ಕಳಿಂದ. ನಾನು ಅವರಿಗೆ ಲೆಕ್ಕ ಹೇಳಿಕೊಡುತ್ತಿದ್ದೆ, ಅವರು ನನ್ನ ಉಚ್ಚಾರ ತಿದ್ದುತ್ತಿದ್ದರು.

ಒಂದು ವಿಷಯ ಮಾತ್ರ ತುಂಬಾ ದಿನ ಕಾಡಿತು. ಕನ್ನಡದಲ್ಲಿ ‘ನಾವು’ ಒಂದೇ. ಸಂತಾಲಿಯಲ್ಲಿ ಹಾಗಲ್ಲ. ‘ಅಬೋ’ ಅಂದ್ರೆ ನೀವೂ ಸೇರಿ ನಾವೆಲ್ಲ. ‘ಅಲೆ’ ಅಂದ್ರೆ ನಿಮ್ಮನ್ನು ಬಿಟ್ಟು ನಾವು. ತುಳುವಿನಲ್ಲೂ ‘ನಮ’, ‘ಎಂಕುಳು’ ಅಂತ ಹೀಗೇ ಇದೆ, ಮಂಗಳೂರಿನವರಿಗೆ ಬೇಗ ತಿಳಿಯುತ್ತೆ. ನಾನು ಭಾನುವಾರ ಎದ್ದು ನಿಂತು ‘ದೇವರು ನಮ್ಮನ್ನು ಪ್ರೀತಿಸುತ್ತಾರೆ’ ಅಂತ ಹೇಳುವಾಗ ಎಷ್ಟೋ ವಾರ ‘ಅಲೆ’ ಅಂದುಬಿಟ್ಟಿದ್ದೆ. ಅಂದ್ರೆ ನಮ್ಮನ್ನು ಮಾತ್ರ, ನಿಮ್ಮನ್ನಲ್ಲ! ಜನ ಸುಮ್ನೆ ಕೇಳಿಸಿಕೊಂಡಿದ್ದರು.

ದಿನದ ಉಳಿದ ಕಷ್ಟಗಳಿಗೆ ಮೈ ಒಗ್ಗುತ್ತೆ. ಐದಕ್ಕೆ ಏಳಬೇಕು, ಬೋರಿಂಗ್‌ನಿಂದ ನೀರು ತರಬೇಕು, ಸತ್ಯವೇದ ಓದಿ ಹೊರಡಬೇಕು. ತಿಂಡಿಗೆ ಇಲ್ಲಿ ಮುಢಿ, ಅಂದ್ರೆ ನಮ್ಮ ಮಂಡಕ್ಕಿ. ಅದಕ್ಕೆ ಈರುಳ್ಳಿ, ಮೆಣಸಿನಕಾಯಿ, ಸಾಸಿವೆ ಎಣ್ಣೆ. ಕಣ್ಣು ಮುಚ್ಚಿದರೆ ಗದಗಿನ ಗಿರ್ಮಿಟ್, ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಬಡಿದ ಕೂಡಲೇ ಮತ್ತೆ ದುಮ್ಕಾ.

ಸಂಶಯದ ಕಣ್ಣುಗಳಿಗೆ ಒಗ್ಗೋದು ನಿಧಾನ. ಹೊರಗಿನಿಂದ ಬಂದ ಹುಡುಗ, ಏನು ಮಾಡ್ತಾನೆ ಇಲ್ಲಿ ಅಂತ ಕೇಳೋರು ಇದ್ದಾರೆ. ಕೇಳೋದು ತಪ್ಪಲ್ಲ. ಒತ್ತಾಯ, ಆಮಿಷ, ಮೋಸದ ಮತಾಂತರದ ವಿರುದ್ಧ ಜಾರ್ಖಂಡ್‌ನಲ್ಲಿ 2017ರಿಂದ ಕಾನೂನಿದೆ. ಕಾನೂನು ಇಲ್ಲದಿದ್ದರೂ ನಾನು ಅದನ್ನು ಮಾಡಲಾರೆ, ಆಸೆ ತೋರಿಸಿ ಕೊಂಡ ನಂಬಿಕೆ ನಂಬಿಕೆಯೇ ಅಲ್ಲ. ಹಾಗಾಗಿ ಹೊಸ ಹಳ್ಳಿಗೆ ಹೋದರೆ ಮೊದಲು ಮಾಂಝಿಯ ಮನೆ. ಮಾಂಝಿ ಅಂದ್ರೆ ಊರಿನ ಹಿರಿಯ. ನಾನು ಯಾರು, ಯಾಕೆ ಬಂದೆ ಅಂತ ಎಲ್ಲಾ ಹೇಳಿ ಒಪ್ಪಿಗೆ ಕೇಳ್ತೇನೆ. ಎರಡು ಕಡೆ ಬೇಡ ಅಂದರು. ಕೈಮುಗಿದು ವಾಪಸ್ ಬಂದೆ.

ಈ ಭಾಗದಲ್ಲಿ ಕಾಲಾ ಅಜಾರ್ ಕಾಯಿಲೆ ಇದೆ, ಮಣ್ಣಿನ ಗೋಡೆಯ ಬಿರುಕಲ್ಲಿರುವ ಮರಳುನೊಣದಿಂದ ಬರೋದು. ಎರಡು ವಾರಕ್ಕಿಂತ ಜಾಸ್ತಿ ಜ್ವರ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ ಅಂತ ಮನೆ ಮನೆಗೆ ಹೇಳ್ತೇವೆ. ಕೆಲವರನ್ನು ಸೈಕಲ್ ಮೇಲೆ ಕೂರಿಸಿಕೊಂಡೂ ಹೋಗಿದ್ದೇನೆ.

ನನ್ನ ಜೊತೆಗಾರ ಮಿಜೋರಾಂನವನು. ಅವರಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ಸಭೆಗೆ ಅಂತ ತೆಗೆದಿಡುತ್ತಾರೆ. ಆ ಹಿಡಿ ಅಕ್ಕಿಯಿಂದಲೇ ಎಷ್ಟೋ ಮಿಷನರಿಗಳ ಖರ್ಚು ನಡೆಯುತ್ತೆ. ಇದನ್ನು ಫೋನಿನಲ್ಲಿ ಅವ್ವನಿಗೆ ಹೇಳಿದೆ. ಮರುದಿನದಿಂದ ನಮ್ಮ ಮನೆಯಲ್ಲೂ ಒಂದು ಡಬ್ಬಿ ಶುರುವಾಯ್ತು, ಜೋಳದ ಹಿಟ್ಟಿನದು.

ಫೋನ್ ಅಂದ್ರೆ ಊರಾಚೆಯ ಗುಡ್ಡ ಹತ್ತಬೇಕು, ಅಲ್ಲಿ ಮಾತ್ರ ಸಿಗ್ನಲ್. ಭಾನುವಾರ ಸಂಜೆ ಅವ್ವನ ಮೊದಲ ಮಾತು ಯಾವಾಗಲೂ ‘ಊಟ ಆತೇನಪಾ?’. ಕಳೆದ ಜನವರಿಯಲ್ಲಿ, ಸಂತಾಲರ ಸೊಹರಾಯ್ ಹಬ್ಬದ ಹೊತ್ತಿಗೆ, ಅವ್ವ ಊಟದ ಬಗ್ಗೆ ಕೇಳಲಿಲ್ಲ. ಅಜ್ಜಿ ಹೋಗಿಬಿಟ್ಟಿದ್ದರು. ಮಣ್ಣು ಮಾಡಿ ಎರಡು ದಿನ ಆಗಿತ್ತು. ನನಗೆ ಪ್ರಾರ್ಥನೆ ಕಲಿಸಿದವರು ಅವರು. ಕೆಳಗೆ ಹಳ್ಳಿಯಲ್ಲಿ ಹಬ್ಬದ ಮದ್ದಳೆ ಬಾರಿಸುತ್ತಿದ್ದರು. ನಾನು ಕತ್ತಲಾಗುವವರೆಗೆ ಗುಡ್ಡದಲ್ಲೇ ಕೂತಿದ್ದೆ. ಮನೆಗೆ ಹೋಗಿಬಿಡೋಣ, ಸಾಕು ಅಂತ ಅವತ್ತು ಗಟ್ಟಿಯಾಗಿ ಅನ್ನಿಸಿತು. ಅದನ್ನು ಮುಚ್ಚಿಡೋದಿಲ್ಲ.

ಜೊತೆಗಾರ ಯಾರಿಗೆ ಹೇಳಿದನೋ ಗೊತ್ತಿಲ್ಲ. ಮಾರನೇ ಬೆಳಿಗ್ಗೆ ಮಾಂಝಿಯ ಮನೆಯ ಮುದುಕಿ ಬಂದರು. ಜೊತೆಗೆ ಹಿಂದೆ ನೀರು ಕೇಳಿದ್ದಕ್ಕೆ ನನಗೆ ಅನ್ನ ಕೊಟ್ಟ ಆ ತಾಯಿ, ಅವರ ಮಗಳು. ಅವರಲ್ಲಿ ಯಾರೂ ನಮ್ಮ ಸಭೆಯವರಲ್ಲ. ಹಬ್ಬದ ನಡುವೆಯೇ ಬಂದಿದ್ದರು. ಮುದುಕಿ ನನ್ನ ಪಕ್ಕ ನೆಲದ ಮೇಲೆ ಕೂತು, ನಿನ್ನ ಅಜ್ಜಿ ಹೆಸರೇನು ಅಂತ ಕೇಳಿದರು. ಹೇಳಿದೆ. ಎರಡು ಸಲ ಹೇಳಿಸಿಕೊಂಡರು, ಸರಿಯಾಗಿ ಬರೋವರೆಗೆ ತಾವೂ ಹೇಳಿದರು. ಆಮೇಲೆ ಜೊತೆಯವರ ಕಡೆ ತಿರುಗಿ, ನಮ್ಮ ಅಜ್ಜಿ ತೀರಿಕೊಂಡಿದ್ದಾರೆ ಅಂದರು.

‘ಅಬೋ’ ಅಂದಿದ್ದರು. ಆ ಹುಡುಗಿ ಚೊಂಬಿನಲ್ಲಿ ನೀರು ತಂದು ನನ್ನ ಮುಂದಿಟ್ಟಳು.