ಹದಿನಾಲ್ಕು ಸಾವಿರ ಸುರಿದ ಮೇಲೆ ಸಿಕ್ಕ ಒಂದು ಸೀಳು

ಸಿಗ್ನಲ್‌ನಲ್ಲಿ ನಿಂತರೆ ಸಾಕು, ಆರ್‌ಪಿಎಂ ಮುಳ್ಳು ಉಯ್ಯಾಲೆ ಆಡಲು ಶುರು ಮಾಡುತ್ತಿತ್ತು. 600ಕ್ಕೆ ಇಳಿಯುವುದು, 1100ಕ್ಕೆ ಹಾರುವುದು, ಮತ್ತೆ ಇಳಿಯುವುದು. ಎಸಿ ಹಾಕಿದರೆ ಒಂದೊಂದು ಸಲ ಎಂಜಿನ್ ಆಫ್ ಆಗಿಬಿಡುತ್ತಿತ್ತು. ಸೌತ್ ಎಂಡ್ ಸರ್ಕಲ್‌ನಲ್ಲಿ ಹಿಂದಿನವರು ಹಾರ್ನ್ ಹೊಡೆಯುವಾಗ ಕೀ ತಿರುಗಿಸುತ್ತಾ ಕೂರುವ ಸುಖ ಶತ್ರುವಿಗೂ ಬೇಡ.

ಕಾರು ಹಳೆಯದು. 1.8 ಲೀಟರ್ ಟರ್ಬೊ ಪೆಟ್ರೋಲ್, ನಾಲ್ಕು ಸಿಲಿಂಡರ್, ಇಪ್ಪತ್ತು ವಾಲ್ವ್. ಓಡುವಾಗ ಏನೂ ತೊಂದರೆಯಿಲ್ಲ, ನಿಂತಾಗ ಮಾತ್ರ ಈ ರಗಳೆ. ಎರಡು ಗ್ಯಾರೇಜ್ ಸುತ್ತಿದೆ. ಒಬ್ಬರು ಪ್ಲಗ್ ಮತ್ತು ಕಾಯಿಲ್ ಹಾಕಿದರು. ಇನ್ನೊಬ್ಬರು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದು, "ಸರ್, ಮ್ಯಾಫ್ ಸೆನ್ಸರ್ ಹೋಗಿದೆ" ಎಂದು ಒಳಗೆ ಹೋಗುವ ಗಾಳಿ ಅಳೆಯುವ ಆ ಸೆನ್ಸರನ್ನೂ ಹೊಸದು ಹಾಕಿದರು. ಒಟ್ಟು ಹದಿನಾಲ್ಕು ಸಾವಿರ. ಮುಳ್ಳು ಮಾತ್ರ ಆಡುತ್ತಲೇ ಇತ್ತು.

ಆಮೇಲೆ ನಾನೇ ಬಾನೆಟ್ ಎತ್ತಿದೆ. ಮೊದಲು ಮಾಡಬೇಕಾಗಿದ್ದ ಕೆಲಸವನ್ನು ಕೊನೆಗೆ ಮಾಡಿದೆ: ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಫ್ಯೂಯಲ್ ಟ್ರಿಮ್, ಅಂದರೆ ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂದು ನೋಡಿದೆ. ಪಿ0171 ಕೋಡ್ ಇತ್ತು, ಅಂದರೆ ಪೆಟ್ರೋಲಿಗೆ ಬೇಕಾದುದಕ್ಕಿಂತ ಗಾಳಿ ಜಾಸ್ತಿ. ಕೋಡ್ ನೋಡಿ ಸುಮ್ನೆ ಪಾರ್ಟ್ ಬದಲಾಯಿಸುವುದೇ ನಮ್ಮಲ್ಲಿ ಅಭ್ಯಾಸ. ಆದರೆ ಟ್ರಿಮ್ ಅನ್ನು ಎರಡು ಕಡೆ ನೋಡಬೇಕು. ನನ್ನ ಕಾರಿನಲ್ಲಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗ) +19, ಆಕ್ಸಿಲರೇಟರ್ ಒತ್ತಿ 2500ರಲ್ಲಿ ಹಿಡಿದರೆ ಬರೀ +4.

ಈ ವ್ಯತ್ಯಾಸದಲ್ಲೇ ಉತ್ತರ ಇದೆ. ಒಂದು ಲೋಟ ಹಾಲಿಗೆ ಎರಡು ಚಮಚ ನೀರು ಬಿದ್ದರೆ ಕುಡಿದವರಿಗೆ ಗೊತ್ತಾಗುತ್ತದೆ. ಅದೇ ನೀರು ಕೊಡಕ್ಕೆ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿ ಸೆಕೆಂಡಿಗೆ ಎರಡು–ಮೂರು ಗ್ರಾಂ ಅಷ್ಟೇ. ಎಲ್ಲೋ ಸೀಳಿನಿಂದ ಕದ್ದು ಬರುವ ಗಾಳಿ ಅಲ್ಲಿ ದೊಡ್ಡ ಪಾಲು. ವೇಗ ಹೆಚ್ಚಿದಾಗ ಅದು ಲೆಕ್ಕಕ್ಕೇ ಇಲ್ಲ. ಮ್ಯಾಫ್ ಸೆನ್ಸರ್ರೇ ಕಡಿಮೆ ತೋರಿಸುತ್ತಿದ್ದರೆ ಎಂಜಿನ್ ವೇಗ ಏರಿದಾಗಲೂ ಟ್ರಿಮ್ ಹಾಗೇ ಉಳಿಯುತ್ತಿತ್ತು, ಬಹುಶಃ ಜಾಸ್ತಿಯೇ ಆಗುತ್ತಿತ್ತು. ಹೊಸ ಸೆನ್ಸರ್ ದುಡ್ಡು ಹೋಗಿದ್ದು ಹೀಗೆ.

ಇನ್ನು ಸೀಳು ಎಲ್ಲಿ? ಬೆಂಕಿ ಹತ್ತುವ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹುಡುಕುವವರು ಬಹಳ. ಕೆಂಪಗೆ ಕಾದ ಟರ್ಬೊ ಪಕ್ಕದಲ್ಲಿ ಅದನ್ನು ಹೊಡೆಯುವ ಧೈರ್ಯ ನನಗಿಲ್ಲ. ಉದ್ದ ಮೂತಿಯ ಪ್ಲೈಯರ್‌ಗೆ ಬಟ್ಟೆ ಸುತ್ತಿ, ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಹಿಚುಕುತ್ತಾ ಹೋದೆ. ಎಂಜಿನ್ ಓಡುತ್ತಿರಬೇಕು, ಹಾಗಾಗಿ ಇದನ್ನು ಬೇಸ್‌ಮೆಂಟಲ್ಲಿ ಮಾಡಬೇಡಿ. ಹೊಗೆ ತುಂಬಿಕೊಳ್ಳುತ್ತದೆ. ನಾನು ಗೇಟ್ ಹೊರಗೆ ನಿಲ್ಲಿಸಿಕೊಂಡಿದ್ದೆ.

ಬ್ರೇಕ್ ಬೂಸ್ಟರ್ ಹೋಸ್ ಹಿಚುಕಿದೆ, ಬದಲಾವಣೆ ಇಲ್ಲ. ಪೆಟ್ರೋಲ್ ಆವಿ ಹಿಡಿಯುವ ಚಾರ್ಕೋಲ್ ಡಬ್ಬಿಯಿಂದ ಬರುವ ಪೈಪ್, ಇಲ್ಲ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಕೈ ತೂರಿಸಿ ಬ್ರೀದರ್ ಹೋಸ್ ಹಿಚುಕಿದಾಗ ಎಂಜಿನ್ ಒಂದು ಸಲ ನಡುಗಿತು, ಆಮೇಲೆ 820ಕ್ಕೆ ಬಂದು ನಿಂತಿತು. ಕೈ ಬಿಟ್ಟೆ, ಮತ್ತೆ ಉಯ್ಯಾಲೆ. ಹಿಚುಕಿದೆ, ಶಾಂತ. ಐದಾರು ಸಲ ಹಾಗೇ ಮಾಡಿ ನೋಡಿದೆ. ಖುಷಿಗೆ.

ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳಿದ ಗ್ಯಾಸ್ ಮತ್ತು ಆಯಿಲ್ ಆವಿಯನ್ನು ವಾಪಸ್ ಎಂಜಿನ್ನಿಗೇ ಕಳಿಸುವ ಹೋಸ್ ಅದು. ವರ್ಷಾನುಗಟ್ಟಲೆ ಆಯಿಲ್ ಕುಡಿದು, ಶಾಖ ತಿಂದು ಬೆಂದಿರುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದರೆ ಮೇಲ್ಭಾಗ ಹಪ್ಪಳದ ಹಾಗೆ ಗಟ್ಟಿ. ಕೆಳಗೆ ಬಾಗಿದ ಕಡೆ ರಬ್ಬರ್ ಉಬ್ಬಿ ಮೆತ್ತಗಾಗಿತ್ತು, ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಸೀಳು. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಬಗ್ಗಿಸಿದರೆ ಬಾಯಿ ಬಿಡುತ್ತದೆ.

ಟರ್ಬೊ ಕಾರುಗಳಲ್ಲಿ ಈ ದಾರಿಯಲ್ಲಿ ಒಂದು ಚೆಕ್ ವಾಲ್ವ್ ಇರುತ್ತದೆ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಎಳೆಯುವಾಗ ತೆರೆಯಬೇಕು, ಟರ್ಬೊ ಒತ್ತಡ ಬಂದಾಗ ಮುಚ್ಚಬೇಕು. ಮುಚ್ಚದಿದ್ದರೆ ಒತ್ತಡ ನೇರ ಎಂಜಿನ್ ಹೊಟ್ಟೆಗೆ ಇಳಿದು ಸೀಲ್‌ಗಳಿಂದ ಆಯಿಲ್ ತಳ್ಳುತ್ತದೆ. ಬಾಯಲ್ಲಿ ಊದಿ ನೋಡಿದೆ, ಎರಡೂ ಕಡೆ ಗಾಳಿ ಹೋಯಿತು. ನಾಲಿಗೆಗೆ ಹತ್ತಿದ ರುಚಿ ಎರಡು ದಿನ ಹೋಗಲಿಲ್ಲ, ನೀವು ಬಟ್ಟೆಯಿಂದ ಒರೆಸಿಕೊಂಡು ಊದಿ. ಜೆ.ಸಿ. ರಸ್ತೆಯಲ್ಲಿ ಹೋಸ್, ವಾಲ್ವ್, ಕ್ಲ್ಯಾಂಪ್ ಎಲ್ಲ ಸೇರಿ 1,900 ಆಯಿತು. ಮಾಮೂಲಿ ನೀರಿನ ಹೋಸ್ ಹಾಕಬೇಡಿ, ಆಯಿಲ್ ತಡೆಯುವ ರಬ್ಬರ್ ಎಂದು ಕೇಳಿ ತನ್ನಿ.

ಟ್ರಿಮ್ +3ಕ್ಕೆ ಬಂತು. ಮುಗಿಯಿತು ಅಂದುಕೊಂಡೆ. ಆದರೆ ಕಾಲು ತೆಗೆದ ಮೇಲೆ ಆರ್‌ಪಿಎಂ 1000ದ ಹತ್ತಿರ ಸಿಕ್ಕಿಕೊಂಡು ನಿಧಾನಕ್ಕೆ ಇಳಿಯುತ್ತಿತ್ತು. ಟ್ರಿಮ್ ಸರಿಯಿದೆ, ಐಡಲ್ ಸರಿಯಿಲ್ಲ. ಅಂದರೆ ಈಗ ಹೆಚ್ಚಾಗಿ ಬರುವ ಗಾಳಿಯನ್ನು ಸೆನ್ಸರ್ ಅಳೆದಿದೆ, ಆದರೆ ಅದು ಥ್ರಾಟಲ್ ದಾಟದೆ ಬೇರೆ ದಾರಿಯಲ್ಲಿ ಒಳಗೆ ಬರುತ್ತಿದೆ. ಹಾಗೆ ಬರಬಹುದಾದ ಜಾಗ ನನಗೆ ಹೊಳೆದದ್ದು, ಕಾಲು ತೆಗೆದಾಗ ಟರ್ಬೊ ಒತ್ತಡವನ್ನು ಹಿಂದಕ್ಕೆ ಬಿಡುವ ಡೈವರ್ಟರ್ ವಾಲ್ವ್. ಅದರ ಒಳಗಿನ ತೆಳು ಪರದೆ, ಡಯಾಫ್ರಾಮ್, ಹರಿದರೆ ಸಣ್ಣ ವ್ಯಾಕ್ಯೂಮ್ ಪೈಪ್ ಮೂಲಕ ಗಾಳಿ ಮ್ಯಾನಿಫೋಲ್ಡ್‌ಗೆ ನುಸುಳುತ್ತದೆ.

ಮೆಡಿಕಲ್ ಶಾಪ್‌ನಿಂದ 50 ಎಂಎಲ್ ಸಿರಿಂಜ್ ತಂದು ವಾಲ್ವ್‌ನ ಮೂತಿಗೆ ಸಣ್ಣ ಪೈಪ್ ಹಾಕಿ ಎಳೆದೆ. ಚೆನ್ನಾಗಿದ್ದರೆ ಎಳೆದ ಹಿಡಿ ಹಿಂದಕ್ಕೆ ಸೆಳೆಯಬೇಕು. ನನ್ನದು ಸಲೀಸಾಗಿ ಬಂದುಬಿಟ್ಟಿತು. ಗೇಟ್ ಕಾಯುವವರು ಬಂದು ನೋಡಿ, "ಏನ್ ಸಾರ್, ಕಾರಿಗೆ ಇಂಜೆಕ್ಷನ್ನಾ?" ಅಂದರು. ಹೌದು ಅಂದೆ.

ವಾಲ್ವ್ ಬದಲಾಯಿಸಿದೆ. ಎಲೆಕ್ಟ್ರಾನಿಕ್ ಥ್ರಾಟಲ್ ತೊಳೆದ ಮೇಲೆ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಅಡಾಪ್ಟೇಶನ್ ಮಾಡಬೇಕು, ಅಂದರೆ ಥ್ರಾಟಲ್‌ನ ಸ್ಥಾನವನ್ನು ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಅದನ್ನು ಗ್ಯಾರೇಜಿನವರು ಮಾಡಿಯೇ ಇರಲಿಲ್ಲ. ನನ್ನ ಅಗ್ಗದ ಸ್ಕ್ಯಾನರ್‌ನಲ್ಲಿ ಆಗದ ಕೆಲಸ ಅದು, ಪರಿಚಯದವರ ಕೇಬಲ್ ಮತ್ತು ಲ್ಯಾಪ್‌ಟಾಪ್ ತಂದು ಐದು ನಿಮಿಷದಲ್ಲಿ ಮುಗಿಸಿದೆ.

ಒಂದು ಅನುಮಾನ ಮಾತ್ರ ಉಳಿದಿತ್ತು. ಮ್ಯಾನಿಫೋಲ್ಡ್ ಎಷ್ಟು ಬಲವಾಗಿ ಎಳೆಯುತ್ತದೆ ಎಂದು ಅಳೆಯುವ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿದರೆ 16.5 ಇಂಚು (ಪಾದರಸದ ಲೆಕ್ಕ) ತೋರಿಸುತ್ತಿತ್ತು. ಮುಳ್ಳು ಕದಲುತ್ತಿರಲಿಲ್ಲ, ಆದರೆ ಗೇಜ್‌ನ ಡಬ್ಬಿ ಮೇಲೆ "18ರಿಂದ 21 ಸರಿ" ಎಂದು ಬರೆದಿತ್ತು. ಇನ್ನೂ ಎಲ್ಲೋ ಸೋರುತ್ತಿದೆಯಾ ಎಂದು ಒಂದು ಭಾನುವಾರ ಪೂರ್ತಿ ಸೋಪು ನೀರು ಹಿಡಿದು ಹುಡುಕಿದೆ. ಆಮೇಲೆ ಹೊಳೆಯಿತು, ಆ ಲೆಕ್ಕ ಸಮುದ್ರ ಮಟ್ಟದ್ದು. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ, ಸಾವಿರ ಅಡಿಗೆ ಹೆಚ್ಚುಕಮ್ಮಿ ಒಂದು ಇಂಚು ಕಡಿಮೆಯಾಗುತ್ತದೆ. ಮುಂದಿನ ತಿಂಗಳು ಮಂಗಳೂರಿಗೆ ಹೋದಾಗ ಗೇಜ್ ಡಿಕ್ಕಿಯಲ್ಲೇ ಇತ್ತು. ಶಿರಾಡಿ ಘಾಟ್ ಇಳಿದು, ಅಕ್ಕನ ಮನೆ ಅಂಗಳದಲ್ಲಿ ನಿಲ್ಲಿಸಿ, ಒಳಗೆ ಹೋಗುವ ಮೊದಲೇ ಬಾನೆಟ್ ಎತ್ತಿ ನೋಡಿದೆ. 19.5.