ತಾಮ್ರಕ್ಕೆ ಚಿನ್ನದ ಬಣ್ಣ ಬರಿಸಲು ಹೋಗಿ

ಮೊದಲ ಸಲ ಏನೂ ಆಗಲಿಲ್ಲ. ಜಿಂಕ್ ಸಲ್ಫೇಟ್ ದ್ರಾವಣಕ್ಕೆ ಸತುವಿನ ಚೂರು ಹಾಕಿ, ಬಿಸಿ ಮಾಡಿ, ತಾಮ್ರದ ಪಟ್ಟಿ ಇಳಿಬಿಟ್ಟು ಕಾದೆ. ಹತ್ತು ನಿಮಿಷವಾದರೂ ಪಟ್ಟಿ ಕೆಂಪಗೇ ಇತ್ತು. ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವನ ಪಾಡು ನೋಡಿ! ಆಮೇಲೆ ಹೊಳೆಯಿತು, ಪಟ್ಟಿ ಸತುವಿಗೆ ತಾಗಿಕೊಂಡೇ ಇರಬೇಕು. ಮುಟ್ಟಿದರೆ ಮಾತ್ರ ಅದೊಂದು ಪುಟ್ಟ ಬ್ಯಾಟರಿಯಾಗಿ, ಸತು ತಾಮ್ರದ ಮೇಲೆ ಕೂರುತ್ತದೆ.

ತಾಗಿಸಿಟ್ಟೆ. ಸ್ವಲ್ಪ ಹೊತ್ತಿಗೆ ಪಟ್ಟಿ ಬೆಳ್ಳಿಯ ಹಾಗೆ ಬೆಳ್ಳಗಾಯಿತು. ನನ್ನ ಹೆಬ್ಬೆರಳಿನ ಗುರುತು ಮಾತ್ರ ಗೆರೆಗೆರೆಯಾಗಿ ಕೆಂಪಗೆ ಉಳಿಯಿತು. ಬೆರಳಿನ ಜಿಡ್ಡು, ಅಲ್ವಾ! ಅದನ್ನು ಎತ್ತಿಟ್ಟು, ಇನ್ನೊಂದನ್ನು ಉಪ್ಪುಕಾಗದದಿಂದ ಉಜ್ಜಿ, ಇಕ್ಕಳದಲ್ಲೇ ಹಿಡಿದು ಮುಳುಗಿಸಿದೆ.

ಬೆಳ್ಳಗಾದ ಮೇಲೆ ತೊಳೆದು, ಒರೆಸಿ, ಸಣ್ಣ ಉರಿಯ ಮೇಲೆ ಆಡಿಸಿದೆ. ಕೆಲವೇ ಸೆಕೆಂಡು. ಅಂಚಿನಿಂದ ಹಳದಿ ಹರಿದು ಬಂತು. ಸತು ತಾಮ್ರದಲ್ಲಿ ಬೆರೆತು ಹಿತ್ತಾಳೆಯಾಗುತ್ತಿದೆ ಅಷ್ಟೇ ಅಂತ ಗೊತ್ತಿದ್ದೂ ಎದೆ ಝಲ್ಲೆಂದಿತು. ಆಸೆ ಬಿಡಬೇಕಲ್ಲ, ಇನ್ನೂ ಕಾಯಿಸಿದೆ. ಸತು ಆಳಕ್ಕೆ ಇಳಿದು ಪಟ್ಟಿ ಮತ್ತೆ ಕೆಂಪಾಯಿತು. ಬಣ್ಣ ಬಂದ ಕೂಡಲೇ ನೀರಿಗೆ ಹಾಕಬೇಕು. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಈಜಿಪ್ಟಿನಲ್ಲಿ ಸಿಕ್ಕ ಲೈಡನ್ ಪಪೈರಸ್ ಎಂಬ ಹಳೆಯ ಕೈಬರಹಕ್ಕೆ ಸುಮಾರು 1700 ವರ್ಷ. ಲೋಹ ಚಿನ್ನದಂತೆ ಕಾಣಲು ಏನು ಮಾಡಬೇಕು ಅಂತ ಅದರಲ್ಲಿ ಬರೆದಿದೆ. ಬರೆದವನು ಪರುಷಮಣಿ ಹುಡುಕುವವನಿಗಿಂತ ಜಾಸ್ತಿ ಕಸುಬುದಾರ ಅಂತ ನನ್ನ ಅನಿಸಿಕೆ.

ನನ್ನ 'ಚಿನ್ನ'ವನ್ನು ಒರೆಗಲ್ಲಿಗೆ ಉಜ್ಜಿ ಒಂದು ಹನಿ ನೈಟ್ರಿಕ್ ಆಮ್ಲ ಬಿಟ್ಟೆ. ಹಳದಿ ಗೆರೆ ಕರಗಿ ಹೋಯಿತು. ಚಿನ್ನವಾಗಿದ್ದರೆ ಹಾಗೇ ಉಳಿಯುತ್ತಿತ್ತು. ತೂಕದಲ್ಲೂ ಗುಟ್ಟು ರಟ್ಟಾಗುತ್ತದೆ: ಒಂದು ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ ತೂಗಿದರೆ, ತಾಮ್ರ 9 ಗ್ರಾಮನ್ನೂ ಮುಟ್ಟುವುದಿಲ್ಲ.

ತಾಮ್ರದ ಪರಮಾಣುವಿನಲ್ಲಿ 29 ಪ್ರೋಟಾನ್, ಚಿನ್ನದಲ್ಲಿ 79. ಲೋಹ ಯಾವುದೆಂದು ತೀರ್ಮಾನಿಸುವುದೇ ಈ ಲೆಕ್ಕ, ಉರಿಯಾಗಲಿ ಆಮ್ಲವಾಗಲಿ ಇದಕ್ಕೆ ಕೈ ಹಾಕಲಾರವು. 'ಸೀಸದಿಂದ ಮಾಡಿ ಸಾರ್' ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಸೀಸದ 82ರಲ್ಲಿ ಮೂರು ಕಳೆದರೆ ಆಯಿತು, ನಿಜ. ಜಿನೀವಾ ಬಳಿಯ ಕಣಭೌತಶಾಸ್ತ್ರದ ಪ್ರಯೋಗಾಲಯ ಸರ್ನ್‌ನಲ್ಲಿ ಸೀಸದ ಪರಮಾಣುಬೀಜಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿದಾಗ ಹಾಗೆ ಆಗಿದೆ. 2015ರಿಂದ 2018ರವರೆಗೆ ಹುಟ್ಟಿದ ಚಿನ್ನವೆಲ್ಲ ಸೇರಿ 29 ಪಿಕೋಗ್ರಾಂ, ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 29 ಪಾಲು. ಕಣ್ಣಿಗೂ ಕಾಣದು, ಹುಟ್ಟಿದ ಕ್ಷಣಕ್ಕೇ ಒಡೆದೂ ಹೋಗುತ್ತದೆ.

ಇಷ್ಟು ಹೇಳಿ, ಆ ಹೆಬ್ಬೆರಳ ಗುರುತಿನ ಪಟ್ಟಿಯನ್ನು ಕೇಳಿದವರ ಕೈಗೆ ಕೊಡುತ್ತೇನೆ.